ಬೆನ್ನೆತ್ತುವ ಮಂಚ

ನಾನು ಸಾಲಿ ಬಿಟ್ಟದ್ದು 1991ರಲ್ಲಿ. ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಯಾರು ಕೇಳಿದರೂ ಹೀಗೇ ಹೇಳುತ್ತೇನೆ. ಎಂಟನೆಯ ಇಯತ್ತೆಯ ನಡುವೆ, ದೀಪಾವಳಿ ಸೂಟಿಯಲ್ಲಿ, ಬೈಲಹೊಂಗಲದ ಪೇಟೆಯ ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ನಿಂತುಬಿಟ್ಟೆ. ಎರಡು ಕಬ್ಬಿಣದ ತುಂಡು ನೀಲಿ ಬೆಳಕಿನೊಳಗೆ ಹೋಗಿ ಒಂದೇ ತುಂಡಾಗಿ ಹೊರಗೆ ಬಂದವು. ಸೂಟಿ ಮುಗಿಯಿತು. ಸಾಲಿಗೆ ಅಂತ ಮನೆಯಿಂದ ಹೊರಟರೆ ದಾರಿ ಆ ಅಂಗಡಿಯ ತನಕ ಬಂದು ಅಲ್ಲಿಗೇ ಮುಗಿಯುತ್ತಿತ್ತು. ಮಾಸ್ತರು ಒಂದು ಸಲ ಮನೆಗೆ ಬಂದು ಕರೆದರು. ನಾನು ಹಿಂದಿನ ಬಾಗಿಲಿನಿಂದ ಅಂಗಡಿಗೆ ಹೋದೆ.

ಆಮೇಲೆ ದುಡಿದೆ. ಬೇರೆಯವರ ಅಂಗಡಿಯಲ್ಲಿ ಕೆಲಸ ಕಲಿತೆ, ನಂತರ ನನ್ನದೇ ವರ್ಕ್‌ಶಾಪು ಮಾಡಿದೆ. ಈ ಸೀಮೆಯಲ್ಲಿ ಕಬ್ಬು ಹೊತ್ತು ಹೋಗುವ ಟ್ರೇಲರುಗಳಲ್ಲಿ ನನ್ನ ಕೈಯಿಂದ ಬಂದವು ಬೇಕಾದಷ್ಟಿವೆ. ರಸ್ತೆಯಲ್ಲಿ ಹಿಂದಿನಿಂದ ನೋಡಿದರೂ ಕೊಂಡಿಯ ಮೇಲೆ ಇದು ನನ್ನದು ಅಂತ ಗುರುತು ಹಿಡಿಯುತ್ತೇನೆ. ಹೆಂಡತಿ ಪಕ್ಕದಲ್ಲಿದ್ದರೆ ಅವಳಿಗೂ ತೋರಿಸುತ್ತೇನೆ. "ಹೌದ್ರಿ, ನಿನ್ನೀನೂ ಇದನ್ನ ತೋರಿಸಿದ್ರಿ" ಅನ್ನುತ್ತಾಳೆ.

ಆದರೆ ನನ್ನ ಹೆಸರು ಊರಿಂದ ಊರಿಗೆ ಹೋದದ್ದು ಟ್ರೇಲರಿನಿಂದ ಅಲ್ಲ, ಮಂಚದಿಂದ. ನಮ್ಮ ಅವ್ವನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಾಗ, ಟ್ರೇಲರಿನ ಜಾಕಿನ ಸ್ಕ್ರೂ ತೆಗೆದು ಒಂದು ಕಬ್ಬಿಣದ ಮಂಚಕ್ಕೆ ಕೂಡಿಸಿದೆ. ಬದಿಯ ಹಿಡಿಕೆ ತಿರುಗಿಸಿದರೆ ಮಂಚದ ಬೆನ್ನು ಮೆಲ್ಲಗೆ ಮೇಲೇಳುತ್ತದೆ, ಮಲಗಿದವರು ಎದ್ದು ಕೂತಂತಾಗುತ್ತದೆ. ಮೊದಲ ಸಲ ಹಿಡಿಕೆ ತಿರುಗಿಸಿದಾಗ ಅವ್ವ, "ಇಷ್ಟ ದಿವಸ ನಿನ್ನ ಗದ್ದಾ ನೋಡಿ ನೋಡಿ ಬ್ಯಾಸರಾಗಿತ್ತು. ಇವತ್ತ ಮಾರಿ ಕಾಣಾಕತ್ತೈತಿ" ಅಂದಳು. ಅವ್ವ ಹೋದ ಮೇಲೆ ಆ ಮಂಚವನ್ನು ವರ್ಕ್‌ಶಾಪಿನ ಅಟ್ಟದ ಮೇಲೆ ತಾಡಪತ್ರಿ ಹೊದಿಸಿ ಇಟ್ಟೆ. ಓಣಿಯವರೊಬ್ಬರು ಅಂಥದೇ ಮಂಚ ಕೇಳಿದರು. ಅವರಿಗೆ ಹೊಸದು ಮಾಡಿಕೊಟ್ಟೆ. ನಂತರ ಇನ್ನೊಬ್ಬರು ಕೇಳಿದರು. ನಾಲ್ಕು ಜನ ಗೆಳೆಯರು ಕೂಡಿ ಒಂದು ಸಂಘ ಮಾಡಿದೆವು: ಕಬ್ಬಿಣ ಕೊಡುವುದು ಪೇಟೆಯ ವ್ಯಾಪಾರಸ್ಥರು, ಕೈ ನನ್ನದು. ಮಂಚ ಬೇಕಾದವರು ಪುಕ್ಕಟೆ ಒಯ್ಯಬೇಕು, ಕೆಲಸ ಮುಗಿದ ಮೇಲೆ ತಿರುಗಿ ಕೊಡಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ತಾಲೂಕಿನಿಂದ ಜನ ಬಂದರು. ಒಯ್ದರು. ತಿರುಗಿ ಕೊಡಲು ಮಾತ್ರ ಬರಲಿಲ್ಲ. ಬರದಿದ್ದರೆ ಬಿಡು, ಇನ್ನೊಂದು ಮಾಡಿದರಾಯಿತು ಅಂದುಕೊಂಡೆ. ಕೇಳಿದವರು ಯಾರೂ ಬರಿಗೈಯಲ್ಲಿ ಹೋಗಬಾರದು, ಅದು ನನ್ನ ಹಟ. ಐವತ್ತೆಂಟು ಮಂಚ ಮಾಡಿದೆ.

ಹೋದ ವರ್ಷ ಕಣ್ಣಿಗೆ ಪೊರೆ ಬಂತು. ಆಪರೇಶನ್ ಆಯಿತು. "ವೆಲ್ಡಿಂಗ್ ಕಡೆ ತಲೆ ಹಾಕಿ ಕೂಡ ಮಲಗಬೇಡಿ, ನಾನು ಹೇಳೋ ತನಕ" ಅಂದರು ಡಾಕ್ಟರರು. ಹೆಂಡತಿ ಕರೀ ಚಸ್ಮಾ ಹಾಕಿಸಿ ವರ್ಕ್‌ಶಾಪಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂಡಿಸಿದಳು. ಹೋಗಿ ಬರುವವರಿಗೆಲ್ಲ, "ನಮ್ಮ ಮನ್ಯಾಗ ಈಗ ಹೀರೋ ಅದಾರ, ಸೈ ಬೇಕಂದ್ರ ತಗೋರಿ" ಅನ್ನುತ್ತಿದ್ದಳು. ಕಬ್ಬಿನ ಹಂಗಾಮು ಬೇರೆ. ನನ್ನ ಕೆಲಸಗಾರರಿಬ್ಬರೂ ಟ್ರೇಲರ್ ರಿಪೇರಿಯಲ್ಲಿ ಮುಳುಗಿದ್ದರು. ಅವರು ಗೇಟು, ಗ್ರಿಲ್ಲು ಚಲೋ ಬೆಸೆಯುತ್ತಾರೆ, ಆದರೆ ಬೆನ್ನೆತ್ತುವ ಸ್ಕ್ರೂ ಕೂಡಿಸುವುದು ನನ್ನ ಕೈಗಷ್ಟೇ ಬರುತ್ತದೆ. ಒಂದು ನೂಲು ಓರೆಯಾದರೂ ಮಂಚ ಕಿರ್ ಅನ್ನುತ್ತದೆ, ನಡುವೆ ಹಿಡಿದುಕೊಳ್ಳುತ್ತದೆ.

ಸಾಲಹಳ್ಳಿಯ ಹೆಣ್ಣುಮಗಳು ಬಂದದ್ದು ಆಗಲೇ. ರಾಮದುರ್ಗದ ಕಡೆಯ ಊರು, ಎರಡು ಬಸ್ಸು ಬದಲಿಸಿ ಬಂದಿದ್ದಳು. ಗಂಡ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವವನು. ಸುತ್ತಿನ ಹಳ್ಳಿಗಳ ಪಂಪುಗಳೆಲ್ಲ ಅವನ ಕೈಯಲ್ಲೇ ಸರಿಯಾಗುತ್ತಿದ್ದವು. ಬಾವಿಗೆ ಪಂಪು ಇಳಿಸುವಾಗ ಜಾರಿ ಬಿದ್ದು ಬೆನ್ನು ಪೆಟ್ಟಾಗಿ, ಸೊಂಟದ ಕೆಳಗೆ ಶಕ್ತಿ ಹೋಗಿತ್ತು.

"ಕೈ ಎರಡೂ ಚಲೋ ಅದಾವ್ರಿ ಅಣ್ಣಾರ" ಅಂದಳು. "ಆಸರ ಕೊಟ್ಟು ಕುಂಡ್ರಿಸಬಹುದು ಅಂತ ಡಾಕ್ಟರೂ ಹೇಳ್ಯಾರ. ಕುಂತ್ರ ಸಾಕು, ಕೆಲಸಾ ಮಾಡತೇನಿ ಅಂತಾರ್ರಿ. ಈಗ ನೆಲದ ಮ್ಯಾಲ ಮಲಕೊಂಡು ಜಂತಿ ಎಣಸಾಕತ್ತಾರ. ಮಾತ ಕಡಿಮಿ ಮಾಡ್ಯಾರ್ರಿ. ಅದ ನನಗ ಹೆದರಿಕಿ."

ನನ್ನ ಬಾಯಿ ನನ್ನ ಕಣ್ಣಿನ ಮಾತು ಕೇಳಲಿಲ್ಲ. "ಎಳ್ಳ ಅಮವಾಸಿಗೆ ನಿನ್ನ ಗಂಡ ಕುಂತು ಶೇಂಗಾ ಹೋಳಿಗಿ ತಿಂತಾನ, ಹೋಗು ತಂಗಿ" ಅಂದುಬಿಟ್ಟೆ. ಅವಳು ಕೈ ಮುಗಿದು ಹೋದಳು. ಹೆಂಡತಿ ಒಳಗಿನಿಂದ ಬಂದು, "ಯಾವ ಕಣ್ಣಲೆ ಮಾಡಾವ್ರು?" ಅಂದಳು. ನಾನು ಚಸ್ಮಾ ಒರೆಸಿಕೊಳ್ಳುತ್ತ ಕೂತೆ.

ಅದೇ ವಾರ ಸಂಘದ ಗೆಳೆಯನೊಬ್ಬ ಒಂದು ಸುದ್ದಿ ತಂದ. ಬೆಳಗಾವಿಯ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನ ಹಳೆ ವಿದ್ಯಾರ್ಥಿಗಳು, ಈಗೆಲ್ಲ ದೊಡ್ಡ ದೊಡ್ಡ ನೌಕರಿಯಲ್ಲಿ ಇರುವವರು, ರವಿವಾರದ ದಿನ ನಮ್ಮಂಥ ಸಣ್ಣ ಸಂಘಗಳಿಗೆ ಹೋಗಿ ತಮಗೆ ಬರುವ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಾರಂತೆ. ದುಡ್ಡು ಕೊಡುವುದಿಲ್ಲವಂತೆ.

"ಮತ್ತ ಏನ ಕೊಡತಾರ?" ಅಂದೆ.

"ವಿಚಾರ."

"ವಿಚಾರ ನಮ್ಮಲ್ಲೇ ಮಸ್ತ ಐತಿ. ಕಬ್ಬಿಣ ಕೊಡಂತ ಹೇಳು."

ಆದರೂ ಬಂದರು. ಒಬ್ಬಳು ಬ್ಯಾಂಕಿನ ಮ್ಯಾನೇಜರು, ತವರು ಕಿತ್ತೂರು. ಇನ್ನೊಬ್ಬ ಹುಬ್ಬಳ್ಳಿಯ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಯಾವ ಲಾರಿ ಎಲ್ಲಿಗೆ ಹೋಗಬೇಕು, ಎಲ್ಲಿಂದ ಬರಬೇಕು ಅಂತ ಕೂತಲ್ಲೇ ನಡೆಸುವವನು. ಇಬ್ಬರೂ ಮೂವತ್ತೈದರ ಆಚೆಈಚೆ. ಬಂದವರು ಕುರ್ಚಿ ಬಿಟ್ಟು ಕಬ್ಬಿಣದ ಚಾನೆಲಿನ ಮೇಲೆಯೇ ಕೂತರು. ಅದು ನನಗೆ ಸೇರಿತು, ಆದರೆ ತೋರಿಸಲಿಲ್ಲ.

"ಏನ ಸಹಾಯ ಮಾಡವ್ರು ಹೇಳ್ರಿ" ಅಂದೆ.

"ಮೊದಲ ಕೇಳತೇವ್ರಿ ಕಾಕಾ" ಅಂದಳು ಬ್ಯಾಂಕಿನವಳು.

"ಕೇಳಾಕ ಬೆಳಗಾವಿಯಿಂದ ಬರಬೇಕಾ? ನಮ್ಮ ಓಣ್ಯಾಗ ಕೇಳವ್ರು ಭಾಳ ಅದಾರ."

ನಕ್ಕಳು. "ಎಷ್ಟ ಮಂಚ ಮಾಡೀರಿ?"

"ಐವತ್ತೆಂಟು!" ಎದೆ ಉಬ್ಬಿಸಿಯೇ ಹೇಳಿದೆ.

"ಅಬ್ಬಾ. ಈಗ ಎಲ್ಲೆಲ್ಲಿ ಅದಾವ್ರಿ?"

ಈ ಪ್ರಶ್ನೆಯನ್ನು ನನಗೆ ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಸನ್ಮಾನದ ಶಾಲು ಹೊದಿಸುವವರು, ಪೇಪರಿನವರು ಎಲ್ಲರೂ ಎಷ್ಟು ಅಂತಲೇ ಕೇಳಿದ್ದರು. "ಎಲ್ಲಿರತಾವು? ಮಂದಿ ಮನ್ಯಾಗ" ಅಂದೆ. ಒಳಗಿನಿಂದ ಹೆಂಡತಿಯ ಧ್ವನಿ ಬಂತು: "ಹತ್ತಹದಿನೈದು ನನಗ ಗೊತ್ತು. ಉಳದದ್ದು ಗುಡ್ಡದ ಎಲ್ಲವ್ವಗ ಗೊತ್ತು."

ಟ್ರಾನ್ಸ್‌ಪೋರ್ಟಿನವನು ಎದ್ದು ನಿಂತ. ಸಾಲಹಳ್ಳಿಯವಳ ಸುದ್ದಿಯನ್ನು ಸಂಘದ ಗೆಳೆಯ ಅವರಿಗೆ ಮೊದಲೇ ಹೇಳಿದ್ದ. "ಹಂಗಾದ್ರ ಸಾಲಹಳ್ಳಿಯವರಿಗೆ ಹೊಸಾ ಮಂಚ ಯಾಕ ಬೇಕ್ರಿ? ಮಾಡಿದ ಮಂಚ ಖಾಲಿ ಎಲ್ಲೋ ಕುಂತಾವು. ಒಂದನ್ನ ತಂದ್ರ ಆತು." ಇಷ್ಟು ಸಣ್ಣ ಮಾತು. ದುಡಿಯುವ ಮನುಷ್ಯನಿಗೆ ಇದು ಹೊಳೆಯುವುದಿಲ್ಲ, ಅವನ ಕೈ ಮೊದಲು ಸುತ್ತಿಗೆಯ ಕಡೆಗೇ ಹೋಗುತ್ತದೆ. ನನ್ನ ಸುತ್ತಿಗೆ ಆಗ ಗೂಟಕ್ಕೆ ತೂಗುಬಿದ್ದಿತ್ತು, ಅದಕ್ಕೇ ನಾನು ಕೇಳಿಸಿಕೊಂಡೆ.

ಅವನು ಕೂತಲ್ಲೇ ಫೋನಿನಲ್ಲಿ ಒಂದು ಏರ್ಪಾಟು ಮಾಡಿದ. ಗೆಳೆಯರ ಹತ್ತಿರ, ಹೆಂಡತಿಯ ಹತ್ತಿರ ಇದ್ದ ನಂಬರುಗಳನ್ನೆಲ್ಲ ಕೂಡಿಸಿದ. ಅಷ್ಟೂ ಮನೆಗಳಿಗೆ ಒಂದೇ ಮೆಸೇಜು: 'ತಮ್ಮಲ್ಲಿರುವ ಮಂಚದ ಉಪಯೋಗ ಮುಗಿದಿದ್ದರೆ ದಯವಿಟ್ಟು ಬೇಗ ಹಿಂದಿರುಗಿಸಿ.' ನನಗೂ ಖುಷಿಯಾಯಿತು. ಒಂದು ಗುಂಡಿ ಒತ್ತಿದರೆ ನಾಲ್ಕು ತಾಲೂಕಿಗೆ ದನಿ ಕೇಳುತ್ತದೆ! ನಾನೇ ಒತ್ತುತ್ತೇನೆ ಅಂತ ಹೇಳಿ ಒತ್ತಿದೆ.

ಒಂದೂ ಮಂಚ ಬರಲಿಲ್ಲ. ಬಂದದ್ದು ಒಬ್ಬ ಮನುಷ್ಯ. ಉಗರಗೋಳದವನು, ಎಲ್ಲಮ್ಮನ ಗುಡ್ಡಕ್ಕೆ ಬರುವವರಿಗೆ ಕಾಯಿ-ಕರ್ಪೂರ ಮಾರುವ ಅಂಗಡಿ ಇಟ್ಟವನು. ಅವರ ಅಪ್ಪನಿಗೆ ಅಂತ ಮಂಚ ಒಯ್ದಿದ್ದ. ಬೈಕ್ ನಿಲ್ಲಿಸಿದವನೇ ಶುರು ಮಾಡಿದ:

"ನಮ್ಮ ಅಪ್ಪನ್ನ ಮಣ್ಣಾಗ ಇಟ್ಟು ಬಂದು ಇನ್ನೂ ಕೈ ಒಣಗಿಲ್ಲ, ಟಿಣ್ ಅಂತ ನಿಮ್ಮ ಮೆಸೇಜ್ ಬಂತು! ಉಪಯೋಗ ಮುಗೀತೇನು ಅಂತ ಕೇಳತೀರಿ? ನಿಮಗ ಮನಿಷಾ ಹೋದದ್ದಕ್ಕಿಂತ ಮಂಚದ ಚಿಂತಿನ ಹೆಚ್ಚಾತಲ್ಲ!"

"ಕುಂದ್ರಿ ಅಣ್ಣಾರ, ಚಾ ಕುಡೀರಿ..."

"ನಿಮ್ಮ ಚಾನೂ ಬ್ಯಾಡ, ನಿಮ್ಮ ಮಂಚಾನೂ ಕೊಡೂದಿಲ್ಲ ತಗೋರಿ."

ನಮ್ಮ ಸೀಮೆಯಲ್ಲಿ ಬೈದರೆ ನಡೆಯುತ್ತದೆ, ಬೈದು ಚಹಾ ಕುಡಿದು ಹೋಗುತ್ತಾರೆ. ಚಹಾ ಬಿಟ್ಟು ಹೋದರೆ ಅದು ದೊಡ್ಡ ಮಾತು. ನನ್ನ ಹೆಂಡತಿ ಕಪ್ಪು ಹಿಡಿದು ನಿಂತೇ ಇದ್ದಳು.

ಮುಂದಿನ ರವಿವಾರ ಆ ಇಬ್ಬರೂ ಬಂದಾಗ ನಡೆದದ್ದು ಹೇಳಿದೆ. ಟ್ರಾನ್ಸ್‌ಪೋರ್ಟಿನವನ ಮುಖ ಸಣ್ಣದಾಯಿತು. "ನಮ್ಮಲ್ಲಿ ಮೆಸೇಜ್ ಹೋದ್ರ ಲಾರಿ ತಿರುಗಿ ಬರತಾವ್ರಿ ಕಾಕಾ."

"ಗುಂಡಿ ಒತ್ತಿದಾಂವ ನಾನ ತಮ್ಮಾ, ಬಿಡು" ಅಂದೆ. ನಿಜಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಎಳ್ಳ ಅಮವಾಸ್ಯೆ ಹತ್ತಿರ ಬರುತ್ತಿತ್ತು, ಸಾಲಹಳ್ಳಿಯವಳು ಎರಡು ಸಲ ಫೋನ್ ಮಾಡಿದ್ದಳು. ಮಂಚದ ಸುದ್ದಿ ಅವಳೇನೂ ಎತ್ತಿರಲಿಲ್ಲ, ಕಣ್ಣು ಹೆಂಗದಾವ್ರಿ ಅಂತಷ್ಟೇ ಕೇಳಿದ್ದಳು.

ಬ್ಯಾಂಕಿನವಳು ಚಾನೆಲಿನ ಮೇಲಿಂದ ಎದ್ದು ಸೀರೆಯ ತುಕ್ಕು ಜಾಡಿಸಿಕೊಂಡಳು. "ಉಗರಗೋಳಕ್ಕ ಹೋಗೂಣ್ರಿ. ಮಂಚ ಕೇಳಾಕ ಬ್ಯಾಡ. ಹಿರ್ಯಾರು ತೀರ್ಕೊಂಡಾರ, ಮಾತಾಡಿಸಿ ಬರೂಣು."

ಟ್ರಾನ್ಸ್‌ಪೋರ್ಟಿನವನ ಕಾರಿನಲ್ಲಿ ಹೋದೆವು. ಗುಡ್ಡದ ಕಡೆಗೆ ಜನ ಸಾಲು ಹಿಡಿದು ಹೋಗುತ್ತಿತ್ತು, ಟೆಂಪೋ, ಟ್ರ್ಯಾಕ್ಟರು, ಎಲ್ಲದರ ಮೇಲೂ ಭಂಡಾರದ ಹಳದಿ. ಮನೆಯ ಕಟ್ಟೆಯ ಮೇಲೆ ತೀರಿಕೊಂಡವರ ಹೆಂಡತಿ ಕೂತಿದ್ದರು, ಎಂಬತ್ತರ ಹತ್ತಿರದ ಮುದುಕಿ. ಮಗ ನಮ್ಮನ್ನು ನೋಡಿ ಮುಖ ತಿರುವಿದ. ಬ್ಯಾಂಕಿನವಳು ಸೀದಾ ಹೋಗಿ ಮುದುಕಿಯ ಕಾಲ ಹತ್ತಿರ ಕೂತಳು, ಹೇಗೆ ತೀರಿಕೊಂಡರು, ಎಷ್ಟು ದಿನ ಮಲಗಿದ್ದರು ಅಂತ ಕೇಳಿದಳು. ಮುದುಕಿ ಹೇಳಿದರು, ನಡುವೆ ಅತ್ತರು, ಸೆರಗಿನಲ್ಲಿ ಮೂಗು ಒರೆಸಿಕೊಂಡು ಮತ್ತೆ ಹೇಳಿದರು. ಹಿತ್ತಿಲ ಬಾಗಿಲು ತೆರೆದಿತ್ತು. ಬೇವಿನ ಮರದ ಕೆಳಗೆ ನನ್ನ ಮಂಚ ಕಂಡಿತು. ತೊಳೆದು, ಒರೆಸಿ, ಸ್ಕ್ರೂಗೆ ಎಣ್ಣೆ ಹಚ್ಚಿ, ಮೇಲೆ ತಾಡಪತ್ರಿ ಮುಚ್ಚಿದ್ದರು.

ಇಷ್ಟು ಜತನ ಮಾಡಿದವರು ಕಳ್ಳರಲ್ಲ. ಅದು ನನಗೆ ಆಗಲೇ ಗೊತ್ತಾಯಿತು.

ಮುದುಕಿ ನನ್ನ ಕಣ್ಣು ಎಲ್ಲಿದೆ ಅಂತ ಕರೀ ಚಸ್ಮಾದ ಒಳಗೇ ನೋಡಿದರು. "ಮಂಚಕ್ಕ ಬಂದಿಯಪಾ ನೀನು?"

"ಇಲ್ಲಬೇ ಆಯಿ. ಮಾತಾಡಿಸಾಕ ಬಂದೆ."

"ಮಂಚ ನಾವು ಇಟಗೊಳ್ಳಾಂಗಿಲ್ಲಪಾ ತಮ್ಮಾ, ಅದರ ಮ್ಯಾಲ ಮಲಗಾಂಗಿಲ್ಲ ನಾವು. ಆದರ ಜೀವಾ ಹೋದ ಮಂಚಾನ ಇನ್ನೊಬ್ಬರ ಮನಿಗೆ ಹೆಂಗ ಕಳಸೂದು ಹೇಳು? ಅವ್ರ ಮನ್ಯಾಗ ಬ್ಯಾನಿ ಬಿದ್ದವ್ರು ಇರತಾರ. ಎದ್ದು ಅಡ್ಡಾಡಬೇಕನ್ನವ್ರು. ಅಂಥಾವ್ರಿಗೆ ಇದನ್ನ ಕಳಿಸಿದ್ರ ನಾವ ಕೆಟ್ಟದ್ದು ಬಯಸಿದಂಗ ಆಗೂದಿಲ್ಲೇನು?"

ಇಷ್ಟು ವರ್ಷ ನನ್ನ ಮಂಚಗಳು ಬರದೇ ಉಳಿದದ್ದು ಮರೆವಿಗೆ ಅಲ್ಲ, ಆಸೆಗೆ ಅಲ್ಲ, ಇದಕ್ಕೆ. ಮನೆಮನೆಯ ಹಿತ್ತಿಲಲ್ಲಿ ಮರ್ಯಾದೆಯ ಜನ ಮರ್ಯಾದೆಗಾಗಿಯೇ ಅವನ್ನು ಇಟ್ಟುಕೊಂಡು ಕೂತಿದ್ದರು. ನನ್ನ ಅಟ್ಟದ ಮೇಲಿನ ತಾಡಪತ್ರಿ ನೆನಪಾಯಿತು. ಅವ್ವನ ಮಂಚವನ್ನು ನಾನಾದರೂ ಯಾರಿಗೆ ಕೊಟ್ಟಿದ್ದೆ?

ಬ್ಯಾಂಕಿನವಳು ಮುದುಕಿಯ ಕಡೆ ಬಾಗಿದಳು. "ಆಯಿ, ಈ ಕಬ್ಬಿಣದ ಮಂಚ ಬಂದದ್ದು ಈಗ. ಮೊದಲೆಲ್ಲಾ ಹಗ್ಗದ ಹೊರಸ ಇದ್ದವಲ್ಲ? ಹೊರಸಿನ ಮ್ಯಾಲ ಯಾರರ ತೀರ್ಕೊಂಡ್ರ ಆ ಹೊರಸ ಏನ ಮಾಡತಿದ್ರಿ? ಒಗೀತಿದ್ರೇನು?"

"ಒಗದ್ರ ಹೆಂಗ ನಡೀತದ ಯವ್ವಾ? ಮನಿಗೊಂದು ಹೊರಸ ಇರತಿತ್ತು. ಹಗ್ಗಾ ಬಿಚ್ಚಿ ಹೊಳಿಗೆ ಬಿಡೂದು. ಹೊಸಾ ಹಗ್ಗಾ ತಂದು ಹೆಣೀತಿದ್ವಿ. ಹೊಸಾ ಹಗ್ಗಾ ಬಿತ್ತಂದ್ರ ಅದು ಹೊಸಾ ಹೊರಸು. ಬಾಣಂತೀನ್ನೂ ಅದರ ಮ್ಯಾಲ ಮಲಗಿಸ್ತಿದ್ವಿ."

ಬ್ಯಾಂಕಿನವಳು ನನ್ನ ಕಡೆ ನೋಡಿದಳು. ನಾನು ಮಂಚದ ಕಡೆ ನೋಡಿದೆ. ನನ್ನ ಮಂಚಕ್ಕೆ ಹಗ್ಗವಿಲ್ಲ. ಗಟ್ಟಿಯಾಗಿರಲಿ ಅಂತ ನಾನು ಹಲಗೆ ಕೂಡಿಸುತ್ತಿದ್ದೆ. ಬಿಚ್ಚಲಿಕ್ಕೆ ಏನೂ ಇಲ್ಲದ ಮಂಚ ಹೊಸದಾಗುವುದು ಹೇಗೆ?

ಕಾರಿನಲ್ಲಿ ಪಾನಾ ಇತ್ತು. ಬೇವಿನ ಮರದ ಕೆಳಗೆ ಹೋಗಿ ಬೋಲ್ಟು ಬಿಚ್ಚಿದೆ. ಬಿಚ್ಚುವುದಕ್ಕೆ ಡಾಕ್ಟರು ಬೇಡ ಅಂದಿರಲಿಲ್ಲ. ಎರಡೂ ಹಲಗೆ ತೆಗೆದು ಗೋಡೆಗೆ ಆನಿಸಿದೆ. ಕಬ್ಬಿಣದ ಚೌಕಟ್ಟು ಮಾತ್ರ ಉಳಿಯಿತು.

"ಈಗಿದು ಮಂಚ ಹೌದೋ ಅಲ್ಲೋ, ಆಯಿ?"

ಮುದುಕಿ ಕಟ್ಟೆಯಿಂದ ಇಳಿದು ಬಂದು ನೋಡಿದರು. "ಇದು ಬರೇ ಕಬ್ಬಿಣ."

"ಇದಕ್ಕ ಹೊಸಾ ನವಾರ ಹೆಣದ್ರ?"

ನವಾರ ಅಂದರೆ ಮಂಚಕ್ಕೆ ಸುತ್ತುವ ಅಗಲ ನೂಲಿನ ಪಟ್ಟಿ. ಮುದುಕಿ ಮಗನ ಕಡೆ ನೋಡಿದರು, ಆಮೇಲೆ ನನ್ನ ಕಡೆ. "ಹೊಸಾ ಮಂಚ" ಅಂದರು. ಮತ್ತೆ, "ಹಲಗಿ ಇಲ್ಲೇ ಇರಲಿ. ಬಚ್ಚಲ ಒಲಿಗೆ ಆಗತಾವು" ಅಂದರು.

ಟ್ರಾನ್ಸ್‌ಪೋರ್ಟಿನವನು ಆಗಲೇ ಕಾರು ತಿರುಗಿಸಿದ್ದ. ಸವದತ್ತಿ ಪೇಟೆಯಿಂದ ನವಾರದ ಉಂಡೆಗಳನ್ನು ತಂದು ಇಳಿಸಿದ. ಬೆನ್ನಿನ ಭಾಗಕ್ಕೆ ಬೇರೆ, ಕಾಲಿನ ಭಾಗಕ್ಕೆ ಬೇರೆ ಹೆಣೆಯಬೇಕು, ಇಲ್ಲದಿದ್ದರೆ ಬೆನ್ನು ಏಳುವುದಿಲ್ಲ. ನಾನು ಹೇಳಿದೆ, ಅವರಿಬ್ಬರೂ ಎಳೆದರು. ಮ್ಯಾನೇಜರಿಬ್ಬರು ಹಿತ್ತಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಪಟ್ಟಿ ಎಳೆಯುವ ಚಂದವನ್ನು ಅವರ ಕಾಲೇಜಿನವರು ನೋಡಬೇಕಿತ್ತು. ಮೊದಲ ಸುತ್ತು ಜೋಲು ಬಿತ್ತು. ಮುದುಕಿ ನೋಡಿ ನೋಡಿ ತಡೆಯಲಾರದೆ, "ಸರೀರಿ ಅತ್ಲಾಗ! ತೊಟ್ಟಲಾ ಕಟ್ಟಾಕತ್ತೀರೋ ಮಂಚಾ ಹೆಣ್ಯಾಕತ್ತೀರೋ?" ಅಂದು ತಾವೇ ಕೂತರು.

"ಅವ್ವಾ, ನೀ ಬ್ಯಾಡ" ಅಂದ ಮಗ.

"ನಿಮ್ಮ ಅಪ್ಪ ಮಲಗಿದ ಹೊರಸೆಲ್ಲಾ ನಾನ ಹೆಣದದ್ದು. ಇದನ್ನ ಯಾಕ ಬಿಡ್ಲಿ?"

ಕಾಲಿನ ಹಿಮ್ಮಡಿಯನ್ನು ಚೌಕಟ್ಟಿಗೆ ಒತ್ತಿ ಅವರು ಎಳೆದ ಎಳೆತಕ್ಕೆ ನವಾರ ಹಲಗೆಯ ಹಾಗೆ ಬಿಗಿಯಾಯಿತು. ಮಗ ಒಂದು ತುದಿ ಹಿಡಿದ. ಸ್ವಲ್ಪ ಹೊತ್ತಿನಲ್ಲಿ ಸೊಸೆ ಚಹಾ ತಂದಳು. ಅವನೇ ಒಂದು ಕಪ್ಪು ಎತ್ತಿ ನನ್ನ ಕೈಗೆ ಕೊಟ್ಟ. "ಅವತ್ತ ನಿಮ್ಮಲ್ಲಿ ಬಿಟ್ಟು ಬಂದದ್ದು ತೀರಿತು" ಅಂದ.

ಇನ್ನು ಮಂಚವನ್ನು ಬೈಲಹೊಂಗಲಕ್ಕೆ ಒಯ್ದು, ಅಲ್ಲಿಂದ ಗಾಡಿ ಮಾಡಿ ಸಾಲಹಳ್ಳಿಗೆ ಕಳಿಸಬೇಕು ಅಂದುಕೊಂಡಿದ್ದೆ. "ಯಾಕ್ರಿ ಕಾಕಾ? ಇಲ್ಲಿಂದ ರಾಮದುರ್ಗದ ರಸ್ತಾನ ಸೀದಾ ಅಲ್ಲೇನು?" ಅಂದ ಟ್ರಾನ್ಸ್‌ಪೋರ್ಟಿನವನು. ಇದು ಅವನ ವಿದ್ಯೆ, ಅವನ ಕಣ್ಣಿಗೆ ಜಗತ್ತೆಲ್ಲ ಬರಿದಾಗಿ ಹಿಂದಿರುಗುವ ಗಾಡಿಗಳೇ. ಗುಡ್ಡದ ಅಂಗಡಿಗಳಿಗೆ ರಾಮದುರ್ಗದ ಕಡೆಯಿಂದ ಬಾಳೆಹಣ್ಣು, ಚುರುಮುರಿ ತರುವ ಟೆಂಪೋಗಳು ಖಾಲಿ ತಿರುಗಿ ಹೋಗುತ್ತವೆ ಅನ್ನುವುದನ್ನು ಅವನು ಬರುವಾಗಲೇ ನೋಡಿಕೊಂಡಿದ್ದ. ನಾನು ಮಾತ್ರ ಹಳದಿ ಭಂಡಾರ ನೋಡುತ್ತ ಬಂದಿದ್ದೆ. ರಸ್ತೆಗೆ ಹೋಗಿ ಒಂದು ಟೆಂಪೋ ನಿಲ್ಲಿಸಿದ. ಡ್ರೈವರು ಮಂಚ ನೋಡಿ ಹಿಂದೆಮುಂದೆ ನೋಡಿದ.

"ಮಂಚ ಯಾರದ್ರಿ? ಹಳೇದೇನು?"

ಉಗರಗೋಳದ ಮಗನೇ ಮುಂದೆ ಬಂದು ಹೇಳಿದ, "ಹೊಸಾದೈತಿ. ಇವತ್ತ ತಯಾರಾದದ್ದು. ಎತ್ತು, ಒಂದ ಕೈ ಹಿಡಿ." ಅಂಗಡಿಯಿಂದ ಒಂದು ತೆಂಗಿನಕಾಯಿ ತಂದು ನವಾರದ ಮೇಲೆ ಇಟ್ಟ.

ಟೆಂಪೋದ ಹಿಂದೆ ನಮ್ಮ ಕಾರು ಹೋಯಿತು. ಹೊತ್ತು ಇಳಿಯುವ ಮೊದಲೇ ಸಾಲಹಳ್ಳಿ ಮುಟ್ಟಿದೆವು. ಫೋನ್ ಮಾಡಿರಲಿಲ್ಲ. ಆ ಹೆಣ್ಣುಮಗಳು ಜೋಳದ ಹಿಟ್ಟು ನಾದುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಟೆಂಪೋದೊಳಗಿನದು ನೋಡಿದವಳೇ ಒಳಗೆ ಓಡಿ, "ಬಂತ್ರೀ! ಬಂತು!" ಅಂತ ಕೂಗಿದಳು.

ಮಂಚ ಪಡಸಾಲೆಗೆ ಬಂತು. ಓಣಿಯವರು ನಾಲ್ಕು ಜನ ಸೇರಿ ಅವಳ ಗಂಡನನ್ನು ಹಾಸಿಗೆಯ ಸಮೇತ ಎತ್ತಿ ಮಲಗಿಸಿದರು. ಗಡ್ಡ ಬೆಳೆದಿತ್ತು. ಯಾರ ಕಡೆಯೂ ನೋಡಲಿಲ್ಲ, ಮೇಲೆ ಜಂತಿಯನ್ನೇ ನೋಡುತ್ತಿದ್ದ. ಹಿಡಿಕೆ ತಿರುಗಿಸಲು ನಾನು ಕೈ ಹಾಕಿದೆ, ಆಮೇಲೆ ತೆಗೆದೆ. "ತಂಗಿ, ನೀ ತಿರುವು" ಅಂದೆ. "ಡಾಕ್ಟರು ಎಷ್ಟು ಎತ್ತು ಅಂದಾರ ಅಷ್ಟ. ಸಾವಕಾಶ."

ತಿರುವಿದಳು. ಸ್ಕ್ರೂ ಕಿರ್ ಅನ್ನಲಿಲ್ಲ. ಬೆನ್ನು ಏಳುತ್ತ ಏಳುತ್ತ ಅವನ ಕಣ್ಣು ಜಂತಿಯಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ, ಬಾಗಿಲಿನಿಂದ ಆಚೆ ರಸ್ತೆಗೆ ಇಳಿದವು. ರಸ್ತೆಯಲ್ಲಿ ಎತ್ತಿನ ಬಂಡಿಯೊಂದು ಹೊಲದಿಂದ ತಿರುಗಿ ಬರುತ್ತಿತ್ತು. ಅದು ದಾಟಿ ಹೋಗುವ ತನಕ ನೋಡಿದ. ನಂತರ ಹೆಂಡತಿಯ ಮುಖ ನೋಡಿದ.

"ಹಿಟ್ಟ ಹತ್ತೇತಿ ನಿನ್ನ ಗಲ್ಲಕ್ಕ" ಅಂದ.

ಅವಳು ಅಳುತ್ತ ನಕ್ಕಳು. ಓಣಿಯವರೆಲ್ಲ ನಕ್ಕರು. ಬ್ಯಾಂಕಿನವಳು ಹಿತ್ತಿಲ ಕಡೆ ಹೋಗಿ ಕಣ್ಣು ಒರೆಸಿಕೊಂಡು ಬಂದಳು. ಅವನು ನನ್ನ ಕಡೆ ತಿರುಗಿ, ಮಂಚದ ಪಕ್ಕದ ಹಿಡಿಕೆಯನ್ನು ಕೈಯಲ್ಲಿ ತಡವಿ, "ಟ್ರೇಲರ್ ಜಾಕಿಂದ ಅಲ್ಲೇನ್ರಿ ಇದು?" ಅಂದ. ಕೆಲಸಗಾರನ ಕೈ ಅದು. ನಾನು ಹೌದು ಅಂದೆ. "ಮೂಲ್ಯಾಗ ಒಂದು ಮೋಟರ್ ಐತಿ, ಬಿದ್ದ ದಿವಸದಿಂದ ಹಂಗ ಬಿಟ್ಟೇನಿ. ಕೊಡು ಇಲ್ಲಿ" ಅಂದ ಹೆಂಡತಿಗೆ.

"ಇವತ್ತ ಬ್ಯಾಡ್ರಿ, ನಾಳೆ."

"ಬರೇ ನೋಡತೇನಿ" ಅಂದ. ಮೋಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಟ್ಟ ತಂತಿಯ ವಾಸನೆ ನೋಡಿದ. ನಾವು ಹೊರಡುವಷ್ಟರಲ್ಲಿ ತಂತಿ ಕೀಳುವ ಪಕ್ಕಡ ಕೇಳುತ್ತಿದ್ದ.

ತಿರುಗಿ ಬರುವಾಗ ಕಾರಿನಲ್ಲಿ ನಾವು ಮೂವರೂ ಹುಚ್ಚರ ಹಾಗೆ ಮಾತಾಡಿದೆವು. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೊನೆಯ ತನಕ ಕೇಳಿ, "ಚಲೋ ಆತು. ಅಟ್ಟದ ಮ್ಯಾಲ ಅತ್ತಿಯವರ ಮಂಚ ಐತಲ್ಲ, ಅದರ ಹಲಗಿ ಯಾವಾಗ ಬಿಚ್ಚವ್ರು?" ಅಂದಳು. ಮರುದಿನ ಮುಂಜಾನೆ ಇಳಿಸಿದೆವು. ಬೋಲ್ಟು ತುಕ್ಕು ಹಿಡಿದಿದ್ದವು. ನಾನು ಬಿಚ್ಚಿದೆ, ಅವಳು ಹೆಣೆದಳು.

ಆ ಬಳಿಕ ಮೆಸೇಜು ನಿಂತಿತು, ಓಡಾಟ ಶುರುವಾಯಿತು. ಬ್ಯಾಂಕಿನವಳು ತಮ್ಮ ಕಾಲೇಜಿನ ಇನ್ನೂ ಏಳೆಂಟು ಜನರನ್ನು ಕರೆತಂದಳು. ರವಿವಾರಕ್ಕೊಂದು ತಾಲೂಕು. ಮನೆಗೆ ಹೋಗುವುದು, ಕೂತು ಮಾತಾಡುವುದು, ಮನೆಯವರ ಕೈಯಿಂದಲೇ ಹಲಗೆ ಬಿಚ್ಚಿಸುವುದು. ಟ್ರಾನ್ಸ್‌ಪೋರ್ಟಿನವನು ಖಾಲಿ ಬರುವ ಗಾಡಿಗಳ ಡ್ರೈವರುಗಳನ್ನೆಲ್ಲ ಗೆಳೆಯರನ್ನಾಗಿ ಮಾಡಿಕೊಂಡ. ಎಲ್ಲಿ ಏನಿದೆ ಅನ್ನುವುದನ್ನು ಕಂಪ್ಯೂಟರಿನಲ್ಲಿ ಇಡೋಣ ಅಂದರು. ನನಗೆ ಕಣ್ಣಿಗೆ ಕಾಣಬೇಕು ಅಂದೆ. ಹಾಗಾಗಿ ಅವರು ಕಂಪ್ಯೂಟರಿನಲ್ಲೂ ಇಟ್ಟರು, ನನ್ನ ಗೋಡೆಯ ಮೇಲೆ ಒಂದು ತಗಡಿಗೆ ನಾಲ್ಕು ತಾಲೂಕಿನ ನಕ್ಷೆಯನ್ನೂ ಬರೆದರು. ಊರಿಗೊಂದು ಮೊಳೆ. ಮಂಚ ಹೋದ ಊರಿನ ಮೊಳೆಗೆ ನಾನು ಒಂದು ವಾಶರ್ ತೂಗುಹಾಕುತ್ತೇನೆ, ಮಂಚ ಬಂದರೆ ತೆಗೆಯುತ್ತೇನೆ.

ಎಲ್ಲ ಮನೆಯೂ ಅಳುವ ಮನೆಯೇನಲ್ಲ. ಕಿತ್ತೂರಿನಲ್ಲಿ ಬ್ಯಾಂಕಿನವಳ ತವರಿನ ಓಣಿಯಲ್ಲೇ ಒಂದು ಮಂಚ ಸಿಕ್ಕಿತು. ಅದನ್ನು ಒಯ್ದ ಅಜ್ಜ ಗುಣವಾಗಿ ಹೊಲಕ್ಕೆ ಹೋಗುತ್ತಿದ್ದ. ಮಂಚ ಮಾಳಿಗೆಯ ಮೇಲಿತ್ತು. ಅದರ ತುಂಬ ಕೆಂಪು ಮೆಣಸಿನಕಾಯಿ. ಬಿಸಿಲು ತಿರುಗಿದಂತೆಲ್ಲ ಸೊಸೆ ಹಿಡಿಕೆ ತಿರುಗಿಸಿ ಬೆನ್ನು ಓರೆ ಮಾಡುತ್ತಿದ್ದಳಂತೆ. "ಭಾಳ ಚಲೋ ಮಾಡೀರಿ ನೋಡ್ರಿ, ಮೆಣಸಿನಕಾಯಿ ಸಮಾ ಒಣಗತಾವು" ಅಂತ ನನ್ನ ಮುಂದೆಯೇ ಹೊಗಳಿದಳು. ಸಿಟ್ಟು ಬರಬೇಕಿತ್ತು. ನಾನು ಸ್ಕ್ರೂ ಹೆಂಗ ತಿರಗತೇತಿ ಅಂತ ಕೇಳಿದೆ. ಬೆಣ್ಣಿ ಹಂಗ ಅಂದಳು. ಮೆಣಸಿನಕಾಯಿ ಹಂಗಾಮು ಮುಗಿಯುವ ತನಕ ಬಿಟ್ಟು ಬಂದೆವು.

ಎಳ್ಳ ಅಮವಾಸ್ಯೆಯ ದಿನ ಸಂಜೆ ಚುರುಮುರಿಯ ಟೆಂಪೋದವರ ಕೈಯಿಂದ ಕೈಗೆ ದಾಟಿ ಸಾಲಹಳ್ಳಿಯ ಒಂದು ಸ್ಟೀಲ್ ಡಬ್ಬಿ ನನ್ನ ವರ್ಕ್‌ಶಾಪಿಗೆ ಬಂತು. ಶೇಂಗಾ ಹೋಳಿಗಿ. ಹಿಂದೆಯೇ ಫೋನು. ಮಾತಾಡಿದ್ದು ಅವನೇ. "ಕುಂತು ತಿಂದೆ ಅಣ್ಣಾರ. ನಾಕ ತಿಂದೆ. ಇನ್ನ ನಿಮ್ಮ ಲೇತಿನ ಮೋಟರ್ ಸುಟ್ರ ಬ್ಯಾರೆ ಯಾರ ಕಡೆನೂ ಕೊಡಬ್ಯಾಡ್ರಿ." ಮುಂದೆ ನನ್ನ ಲೇತಿನ ಮೋಟರು ಸುಟ್ಟಿತು, ಅವನ ಹತ್ತಿರವೇ ಹೋಯಿತು, ಖಾಲಿ ಹೋಗುವ ಗಾಡಿಯಲ್ಲಿ.

ಆ ಹಳೆ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ವಾರ್ಷಿಕ ಕೂಟಕ್ಕೆ ನನ್ನನ್ನು ಕರೆದರು. ವೇದಿಕೆಯ ಮೇಲೆ ಕುರ್ಚಿ. ಒಬ್ಬರು ಎದ್ದು ನಿಮ್ಮ ವಿದ್ಯಾಭ್ಯಾಸ ಅಂತ ಕೇಳಿದರು. "ಎಂಟನೇ ಇಯತ್ತೆ ಅರ್ಧ. ಉಳಿದರ್ಧ ಈ ರವಿವಾರಗಳೊಳಗ ಇವರಿಬ್ಬರೂ ಮುಗಿಸಿ ಕೊಟ್ಟಾರ" ಅಂದೆ. ಕೂತವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಂಡತಿ ಮೊದಲ ಸಾಲಿನಲ್ಲಿದ್ದಳು. ಅವಳೂ ತಟ್ಟಿದಳು, ಅದನ್ನು ನಾನು ಹೊಸ ಕಣ್ಣಿನಲ್ಲಿ ಸ್ಪಷ್ಟವಾಗಿ ನೋಡಿದೆ.

ಡಾಕ್ಟರು ಈಗ ವೆಲ್ಡಿಂಗಿಗೆ ಹೂಂ ಅಂದಿದ್ದಾರೆ. ಹೊಸ ಮಂಚಕ್ಕೆ ಹಲಗೆ ಹಾಕುವುದಿಲ್ಲ, ನವಾರವೇ. ಒಯ್ಯುವ ದಿನವೇ ಹೇಳಿಬಿಡುತ್ತೇವೆ: ನವಾರ ನಿಮ್ಮದು, ಕಬ್ಬಿಣ ನಮ್ಮದು, ಕೆಲಸ ಮುಗಿದ ಮೇಲೆ ನೀವೇ ಬಿಚ್ಚಿರಿ. ಮೊನ್ನೆ ಮುನವಳ್ಳಿಯ ಕಡೆಯಿಂದ ಒಬ್ಬರು ತಾವಾಗಿಯೇ ಫೋನ್ ಮಾಡಿದರು, "ಬಿಚ್ಚೇವ್ರಿ, ನವಾರ ನವಿಲುತೀರ್ಥದ ನೀರಿಗೆ ಬಿಟ್ಟೇವಿ. ಗಾಡಿ ಯಾವಾಗ ಬರತದ?"

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ವರ್ಕ್‌ಶಾಪು, ಎರಡು ವೆಲ್ಡಿಂಗ್ ಮಷಿನು, ಒಂದು ಲೇತು, ನೆಟ್ಟಗಿರುವ ಎರಡು ಕಣ್ಣು, ಒಬ್ಬ ಹೆಂಡತಿ. ಮಾಡಿದ ಮಂಚ ಅರವತ್ತೊಂದು. ಮನೆಗಳಲ್ಲಿ ಐವತ್ತೆರಡು, ಇಲ್ಲಿ ನವಾರಕ್ಕೆ ಕಾಯುತ್ತಿರುವವು ಆರು, ಸಿಗದವು ಮೂರು. ಮೊದಲ ಮಂಚ, ಅವ್ವನದು, ರಾಮದುರ್ಗದ ಮೊಳೆಗೆ ವಾಶರಾಗಿ ತೂಗುತ್ತಿದೆ.